ನೀಲವ್ವ ಚಕ್ಕಡಿ ಹೂಡಿದ್ದು

ರಾಮದುರ್ಗದಿಂದ ಅವ್ವನನ್ನು ಕರೆತರಬೇಕಾದವನು ನಾನು. ಹೋಗಲಿಲ್ಲ. ಈಗಲೂ ಎಲ್ಲಿಯಾದರೂ ಚಕ್ಕಡಿಯ ಅಚ್ಚಿಗೆ ಸವರುವ ಕೀಲೆಣ್ಣೆಯ ವಾಸನೆ ಬಂದರೆ, ಸುಟ್ಟ ಹುಲ್ಲಿನ ಕರಿ ಬೆರೆತ ಆ ಜಿಗುಟು ಔಡಲೆಣ್ಣೆಯ ವಾಸನೆ, ಬೈಲಹೊಂಗಲದ ನಮ್ಮ ಮನೆ, ಅದರ ಕಟ್ಟೆ, ಕಟ್ಟೆಯ ಮೇಲೆ ಎಲೆಯಡಿಕೆ ಕುಟ್ಟುತ್ತ ಕುಳಿತ ಅಜ್ಜ ಎಲ್ಲ ಒಮ್ಮೆಲೇ ಎದುರಿಗೆ ಬರುತ್ತವೆ. ಮೊಣಕಾಲು ಸೋತು ಅಜ್ಜ ಚಕ್ಕಡಿ ಹೊಡೆಯುವುದನ್ನು ಬಿಟ್ಟಿದ್ದ. ಆದರೂ ಊರು ಬಿಡುವವರೆಲ್ಲ ದಾರಿ ಕೇಳಲು ಅವನ ಹತ್ತಿರವೇ ಬರುತ್ತಿದ್ದರು. ಅವನು ಮೊದಲು ಕೇಳುತ್ತಿದ್ದುದು ಒಂದೇ: "ಯಾಕ ಹೊಂಟೀರಿ?" ಕನ್ಯೆ ನೋಡಲು ಹೊರಟವರಿಗೆ ನೆರಳಿನ ದಾರಿ, ಹತ್ತಿ ಮಾರಿ ಮರಳುವವರಿಗೆ ಜನ ಓಡಾಡುವ ದಾರಿ, ಸಾವಿನ ಸುದ್ದಿ ಕೇಳಿ ಹೊರಟವರಿಗೆ ಹೊಲದ ಒಳದಾರಿ. "ಕೆಲಸಾ ಬ್ಯಾರೆ ಆದ್ರ ದಾರಿನೂ ಬ್ಯಾರೆರಿ" ಎನ್ನುತ್ತಿದ್ದ.

ಎಪ್ಪತ್ತರ ದಶಕದ ಒಂದು ಬೇಸಿಗೆ. ತವರಿಗೆ ಹೋಗಿದ್ದ ಅವ್ವ ಬಾವಿಯ ಹತ್ತಿರ ಜಾರಿ ಕಾಲು ಮುರಿದುಕೊಂಡಳು. ಎಲುಬು ಕೂಡಿಸುವವನು ಪಟ್ಟಿ ಕಟ್ಟಿ, ಅಲುಗಿಸಬೇಡಿ ಎಂದಿದ್ದ. "ತಮ್ಮನ ಮನ್ಯಾಗ ಎಷ್ಟಂತ ಬಿದ್ದಿರಲಿ, ನನ್ನ ಮನಿಗೆ ಒಯ್ರಿ" ಎಂದು ಅವ್ವ ಹೇಳಿ ಕಳಿಸಿದಳು. ಬಸ್ಸಿನಲ್ಲಿ ಮಲಗಿಸಿ ತರುವಂತಿರಲಿಲ್ಲ. ಅಪ್ಪ ತೀರಿಕೊಂಡಿದ್ದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಒಕ್ಕಲುತನಕ್ಕೆ ನಿಂತ ಹಿರಿಯ ಮಗ ನಾನು. ಆದರೆ ಹಿಂದಿನ ಸುಗ್ಗಿಯಲ್ಲಿ ಇಳಿಜಾರಿನಲ್ಲಿ ಚಕ್ಕಡಿ ಮಗುಚಿ ಹಾಕಿದ್ದೆ, ಆ ಭಯ ಎದೆಯಿಂದ ಹೋಗಿರಲಿಲ್ಲ. ಹೊರಡುವ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಮಲಗಿಬಿಟ್ಟೆ. ತಂಗಿ ನೀಲವ್ವ ಕಷಾಯ ತಂದಿಟ್ಟು, ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಸೆರಗು ಬಿಗಿದು ಎತ್ತು ಹೂಡಲು ಹೋದಳು. "ಹೆಣ್ಮಗಳು ಚಕ್ಕಡಿ ಹೊಡೀತಾಳಂತ! ಎತ್ತು ನಗತಾವ" ಎಂದು ಮಲಗಿದಲ್ಲಿಂದ ಕೂಗಿದವನೂ ನಾನೇ.

"ನಗ್ಲಿ ಬಿಡಣ್ಣಾ, ನಕ್ಕೋತ ಎಳದ್ರ ಛಲೋ ಆತು" ಎಂದಳು.

ಅಜ್ಜ ಅವಳಿಗೆ ಯಾಕೆ ಹೊರಟೆ ಎಂದು ಕೇಳಬೇಕಿರಲಿಲ್ಲ. "ನೀಲಾ, ಹುಲ್ಲು ದಪ್ಪಗ ಹಾಸು. ಹತ್ತಿರ ಆಗತೈತಂತ ಕಲ್ಲದಾರಿ ಹಿಡೀಬ್ಯಾಡ, ಸುತ್ತಾದ್ರೂ ಮೆತ್ತನ್ನ ದಾರಿಗೆ ಹೋಗು. ಇಳಿಜಾರಿನ್ಯಾಗ ಮ್ಯಾಲ ಕುಂದ್ರಬ್ಯಾಡ, ಎತ್ತಿನ ಮುಂದ ನಡಿ. ಹೋಗುವಾಗ ಎತ್ತಿನ ಕಾಲು ನೋಡಿ ಹೊಡಿ, ಬರುವಾಗ ನಿಮ್ಮವ್ವನ ಮಾರಿ ನೋಡಿ ಹೊಡಿ." ಪೇಟೆಯಲ್ಲಿ ಹತ್ತಿ ಇಳಿಸಿ ಮರಳುತ್ತಿದ್ದ ಚಕ್ಕಡಿಗಳ ಹಿಂದೆ ಸವದತ್ತಿಯವರೆಗೆ ಹೋದಳು. ಅಲ್ಲಿಂದ ಮುಂದೆ ಒಬ್ಬಳೇ.

ಅವಳು ತಿರುಗಿ ಬಂದ ಸಂಜೆಯನ್ನು ನಮ್ಮ ಓಣಿ ಬಹಳ ವರ್ಷ ಮಾತಾಡಿತು. ಗಂಟೆಯ ಸದ್ದು ಕೇಳಿ ಹೆಂಗಸರು ಒಲೆ ಬಿಟ್ಟು, ಗಂಡಸರು ಎಲೆಯಡಿಕೆ ಉಗುಳಿ ಹೊರಗೆ ಓಡಿ ಬಂದರು. ನೀಲವ್ವನ ತಲೆಯಿಂದ ಕಾಲಿನವರೆಗೆ ಧೂಳು. ಎತ್ತುಗಳ ಮುಂದೆ ರಾಣಿಯ ಹಾಗೆ ನಡೆದು ಬರುತ್ತಿದ್ದಳು. ಯಾರೋ ಭೇಷ್ ಎಂದು ಕೂಗುವುದರಲ್ಲಿದ್ದರು. ಅವಳು ತುಟಿಯ ಮೇಲೆ ಬೆರಳಿಟ್ಟು, "ಗದ್ದಲಾ ಮಾಡಬ್ಯಾಡ್ರಿ, ಅವ್ವ ಮಲಗ್ಯಾಳ" ಎಂದಳು. ಮುರಿದ ಕಾಲಿನ ಅವ್ವ ಹುಲ್ಲಿನ ಮೇಲೆ ಹಸುಗೂಸಿನ ಹಾಗೆ ನಿದ್ದೆ ಮಾಡುತ್ತಿದ್ದಳು. ಅಜ್ಜ ಮೊಮ್ಮಗಳನ್ನು ಕಟ್ಟೆಯ ಹತ್ತಿರ ಕರೆದು, ತನ್ನ ಪಟಗ ತೆಗೆದು ಅವಳ ತಲೆಗೆ ಸುತ್ತಿದ. ಇಡೀ ಓಣಿ ಸದ್ದಿಲ್ಲದೆ ನಕ್ಕಿತು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅವ್ವ ಎದ್ದು ನನ್ನನ್ನು ಕೇಳಿದಾಗ, "ಅಣ್ಣಗ ಹೊಟ್ಟಿ ನೋಯತಿತ್ತವಾ" ಎಂದು ನೀಲವ್ವನೇ ಹೇಳಿದಳು.

ಆ ಅವ್ವ ಇಲ್ಲ, ಅಜ್ಜ ಇಲ್ಲ, ಕಟ್ಟೆ ಇದ್ದಲ್ಲಿ ಅಂಗಡಿಗಳು ಎದ್ದಿವೆ. ನೀಲವ್ವ ಕಿತ್ತೂರಿನಲ್ಲಿ ಮಕ್ಕಳು ಮೊಮ್ಮಕ್ಕಳೊಂದಿಗೆ ಇದ್ದಾಳೆ. ಹೋದ ದೀಪಾವಳಿಗೆ ಅವಳಲ್ಲಿ ಉಣ್ಣಲು ಕುಳಿತಿದ್ದೆ. ಅವಳು ಬಿಸಿ ರೊಟ್ಟಿ ಹಾಕಲು ಬಗ್ಗಿದಾಗ ಕೈ ಹಿಡಿದುಕೊಂಡೆ. ಮೊಮ್ಮಕ್ಕಳೆಲ್ಲ ಕೇಳುವಂತೆ ಹೇಳಿದೆ: "ನೀಲವ್ವಾ, ಅವತ್ತ ನನಗ ಹೊಟ್ಟಿನೋವು ಇರಲಿಲ್ಲ. ಅಂಜಿದ್ನಿ. ಅಂಜಿ, ಮ್ಯಾಲ ನಿನ್ನನ್ನ ಆಡಿಕೊಂಡ್ನಿ. ನನ್ನದು ತಪ್ಪಾತು, ತಂಗೆವ್ವಾ."