ತಮ್ಮನ ಹೆಗಲ ಮೇಲಿನ ಚೀಲ

ಕುಡಿತ ಬಿಟ್ಟ ಹುಡುಗರಿಗೆ ಕೆಲಸ ಕೊಡುವ ಮಣ್ಣಿನ ಪಾತ್ರೆಗಳ ಕಾರ್ಖಾನೆಯೊಂದು ಖಾನಾಪುರದಲ್ಲಿತ್ತು. ನನ್ನ ತಮ್ಮ ಅಲ್ಲಿ ಹೂಕುಂಡ ಮಾಡುತ್ತಿದ್ದ. ಸಾರಾಯಿ ಪಾಕೀಟು ಚಹಾಪುಡಿಯಷ್ಟೇ ಸಲೀಸಾಗಿ ಸಿಗುತ್ತಿದ್ದ ಕಾಲ ಅದು. ಅವನು ಸೇರಿ ಆರು ತಿಂಗಳಾದ ಮೇಲೆ, ಮನೆಯವರು ಬಂದು ನೋಡಬಹುದು ಎಂಬ ಕಾಗದ ಬಂತು. ತವರೂರು ಬೀಡಿಯಲ್ಲಿದ್ದ ಅವ್ವನಿಗೆ ಮೊಣಕಾಲು ನೋವು. ಹೀಗಾಗಿ ಶಿವಬಸವ ನಗರದ ಗಂಡನ ಮನೆಯಿಂದ ನಾನೊಬ್ಬಳೇ ಬಸ್ಸು ಹಿಡಿದೆ.

ಖುಷಿಯಿಂದ ಹೋದೆ ಎಂದರೆ ಸುಳ್ಳಾದೀತು. ನನ್ನ ಬೆಂಡೋಲೆ, ಅವ್ವನ ತಾಮ್ರದ ಹಂಡೆ, ನನ್ನ ಗಂಡನ ಕೈಗಡಿಯಾರ ಎಲ್ಲವನ್ನೂ ಮಾರಿ ಕುಡಿದವನು ಅವನು. ಅವನು ಬಂದು ಹೋದ ಮೇಲೆ ಕಪಾಟು ತೆಗೆದು ಒಂದೊಂದೇ ಸಾಮಾನು ಮುಟ್ಟಿ ನೋಡುವುದು ನನಗೆ ರೂಢಿಯಾಗಿಬಿಟ್ಟಿತ್ತು. ಶಾಲೆಯಲ್ಲಿ ಊರ ಮಕ್ಕಳನ್ನೆಲ್ಲ ತಿದ್ದುತ್ತಿದ್ದವಳು ನಾನು. ಒಬ್ಬ ತಮ್ಮನನ್ನು ತಿದ್ದಲಾಗಲಿಲ್ಲವಲ್ಲ ಎಂಬ ಸಿಟ್ಟೂ ಇತ್ತು.

ಬಾಗಿಲಲ್ಲೇ ಮೇಸ್ತ್ರಿ ನಿಂತಿದ್ದರು. ಅವರೂ ಒಂದು ಕಾಲಕ್ಕೆ ಕುಡಿಯುತ್ತಿದ್ದವರೇ. "ಅಕ್ಕೋರ, ನಿಮ್ಮ ಚೀಲ ತಮ್ಮನ ಕೈಯಾಗ ಕೊಡ್ರಿ. ನೀವು ಹೋಗೂತನಾ ಅದು ಅವನ ಕಡೆನ ಇರ್ತೈತಿ. ಇಲ್ಲಿ ಪದ್ಧತಿನ ಹಂಗ" ಎಂದರು. ತಮ್ಮ ಕೈಯ ಮಣ್ಣು ತೊಳೆದು, ಅಂಗಿಗೆ ಒರೆಸಿಕೊಂಡು ಮುಂದೆ ಬಂದ. ಕೊಟ್ಟೆ.

ಕುಂಡ ಮಾಡುವ ತಿಗರಿ ತೋರಿಸಿದ, ಸುಡುವ ಭಟ್ಟಿ ತೋರಿಸಿದ. ಮಣ್ಣು ಮೆತ್ತಿದ ಅಂಗಿಯ ಮೇಲೆ ನನ್ನ ಕೆಂಪು ಚೀಲ ಜೋತಾಡುತ್ತಿತ್ತು. "ನನಗಿಂತ ನಿನಗ ಛಲೋ ಕಾಣ್ತೈತಿ ನೋಡು" ಎಂದು ಕಾಡಿಸಿದೆ. ಅವನು ನಕ್ಕ. ನಾನೂ ನಕ್ಕೆ, ಆದರೆ ನನ್ನ ಕಣ್ಣು ಆ ಚೀಲದ ಬೆನ್ನು ಬಿಡಲಿಲ್ಲ.

ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಮೆಲ್ಲಗೆ ಕೇಳಿದ: "ಅಕ್ಕಾ, ಮಳಿಗಾಲದಾಗ ಮಣ್ಣು ಒಣಗಂಗಿಲ್ಲ, ಕೆಲಸ ಕಮ್ಮಿ. ಪಂಚಮಿಗೆ ರಜಾ ಕೊಡ್ತಾರ. ನಿನ್ನ ಕರ್ಯಾಕ ನಾನ ಬರ್ಲೇನ?"

ಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯಲು ಅಣ್ಣತಮ್ಮಂದಿರು ಬರುವುದು ನಮ್ಮ ಕಡೆಯ ರೂಢಿ. ನಾಲ್ಕು ವರ್ಷಗಳಿಂದ ನಾನು ಒಬ್ಬಳೇ ಹೋಗುತ್ತಿದ್ದೆ. ಓಣಿಯವರು "ತಮ್ಮ ಬರಲಿಲ್ಲೇನ್ರೀ" ಎಂದಾಗ ಕೇಳಿಸದವಳಂತೆ ನಡೆದುಬಿಡುತ್ತಿದ್ದೆ. "ಬಾರಪಾ. ಅವ್ವ ಉಂಡಿ ಕಟ್ಟಿ ಕಾಯ್ತಾಳ" ಎಂದೆ. ಅವನ ಮುಖ ಅರಳಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನಗೆ ಅವನ ಮೇಲೆ ಬರೀ ಪ್ರೀತಿಯೇ ಬಂತು.

ಹೊರಡುವ ಹೊತ್ತಿಗೆ ನನ್ನ ಮುಂದೆ ಬುರ್ಖಾ ತೊಟ್ಟ ಒಬ್ಬ ತಾಯಿ ಇದ್ದಳು. ಅವಳ ಮಗ ಚೀಲ ಚಾಚಿ, "ನೋಡ್ಕೋ ಅಮ್ಮಿ" ಎಂದ. ಚೀಲ ಮರಳಿಸುವಾಗ ಹಾಗೆ ಹೇಳುವುದೂ ಅಲ್ಲಿನ ಪದ್ಧತಿಯೇ. "ನೋಡೂದೇನೈತಿ ಬೇಟಾ" ಎಂದವಳೇ ಚೀಲವನ್ನು ಹೆಗಲಿಗೇರಿಸಿ, ಮಗನ ಗಲ್ಲ ಸವರಿ ನಡೆದಳು. ನನ್ನ ಕಣ್ಣು ತುಂಬಿ ಬಂತು.

ನನ್ನ ಸರದಿ ಬಂತು. "ನೋಡ್ಕೋ ಅಕ್ಕಾ" ಎಂದ ತಮ್ಮ.

ನಾನು ಜಿಪ್ಪು ಎಳೆದೆ. ಬೇಕೆಂದು ಮಾಡಿದ್ದಲ್ಲ ಎಂದು ಯಾರ ಮೇಲೆ ಬೇಕಾದರೂ ಆಣೆ ಮಾಡುತ್ತೇನೆ. ಕೈ ತಾನಾಗಿ ಒಳಗೆ ಹೋಗಿ ಪರ್ಸು ಮುಟ್ಟಿತು, ಕೀಲಿಕೈ ಮುಟ್ಟಿತು, ಕನ್ನಡಕದ ಡಬ್ಬಿ ಮುಟ್ಟಿತು. ತಲೆ ಎತ್ತಿದಾಗ ಅವನು ನನ್ನ ಕೈಯನ್ನೇ ನೋಡುತ್ತಿದ್ದ.

"ಎಲ್ಲಾ ಅದಾವಿಲ್ಲೋ?" ಎಂದ.

"ಹೂಂ" ಎಂದೆ. ಜಿಪ್ಪು ಮುಚ್ಚಿ ಚೀಲ ಹೆಗಲಿಗೇರಿಸಿದೆ. ಅವನು ಬಸ್ಸಿನ ತನಕ ಬಂದು ನನ್ನನ್ನು ಹತ್ತಿಸಿ, ಕೈ ಬೀಸಿ ಹೋದ.

ಪಂಚಮಿಯ ಹಿಂದಿನ ದಿನ ಬೆಳಗಿನಿಂದ ಹೊಸ ಸೀರೆ ಉಟ್ಟು ಕಾದೆ. ಬಾಗಿಲಿಗೆ ಹತ್ತು ಸಲ ಬಂದು ನೋಡಿದೆ. ಮಧ್ಯಾಹ್ನ ಇಳಿದ ಮೇಲೆ ಮಳೆಯಲ್ಲೇ ಒಬ್ಬಳೇ ಬೀಡಿಗೆ ಹೊರಟೆ. ಮನೆಯಲ್ಲಿ ಅವ್ವ ಅವನ ಕಾಗದ ಹಿಡಿದು ಕೂತಿದ್ದಳು. ಓದು ಬಾರದ ಅವಳಿಗೆ ನಾನೇ ಓದಿ ಹೇಳಿದೆ. ಕೆಲಸ ಬಹಳ ಇದೆ, ರಜೆ ಸಿಗಲಿಲ್ಲ ಎಂದು ಬರೆದಿದ್ದ.

"ಹಬ್ಬಕ್ಕೂ ಬಿಡಂಗಿಲ್ಲಂದ್ರ ಎಂಥಾ ಮಂದಿ ಅವರು? ನೀ ಹೋಗಿ ನೋಡಿ ಬಂದೀಯಲ್ಲ, ಹೇಳು" ಎಂದಳು ಅವ್ವ.

"ಭಾಳ ಕಲ್ಲಮನಸಿನ ಮಂದಿ ಬೇ" ಎಂದೆ.