ಜಟ್ಟಿಂಗಪ್ಪನ ಎದೆಮೂಳೆ

ಜಟ್ಟಿಂಗಪ್ಪ ಸತ್ತದ್ದು ಎಷ್ಟೋ ವರ್ಷದ ಮೇಲೆ, ಬೇರೆ ಕಾಯಿಲೆಗೆ. ಆ ಮಾತು ಇಲ್ಲಿ ಬೇಡ. ಇದು ಅವನು ಬದುಕಿದ ಮಾತು.

ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಅವನು ಹಮಾಲಿ. ಅಕ್ಕಿ ಮೂಟೆ ಬೆನ್ನಿಗೆ ಹಾಕಿಕೊಂಡು ಏಣಿ ಹತ್ತಿ ಬಸ್ಸಿನ ಟಾಪಿಗೆ ಏರಿಸಬೇಕು. ಅರವತ್ತನಾಲ್ಕನೇ ಇಸವಿಯಲ್ಲಿ ಎರಡನೇ ಮೆಟ್ಟಿಲಿಗೇ ಕಣ್ಣು ಕತ್ತಲೆ ಬರತೊಡಗಿತು. ನಾಲಗೆ ನುಣ್ಣಗಾಯಿತು, ಉಗುರು ಬಿಳಿಚಿತು. ಕಬ್ಬಿಣದ ಮಾತ್ರೆ ನುಂಗಿದ್ದೇ ಬಂತು. ಕೊನೆಗೆ ಮೂಟೆ ಬಿಟ್ಟು ಮನೆ ಹಿಡಿದ.

ಹೆಂಡತಿ ಗುತ್ಯಮ್ಮ ಅವನನ್ನು ಸಾಗರದ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಮಂಗಳಗೌರಿ, ತೀರ್ಥಹಳ್ಳಿ ಕಡೆಯವರು. ಕಣ್ಣಿನ ರೆಪ್ಪೆ ಎಳೆದು ನೋಡಿ, "ಎದೆಮೂಳೆಯಿಂದ ಸ್ವಲ್ಪ ಮಜ್ಜೆ ತೆಗೀಬೇಕು" ಎಂದರು.

"ಮಜ್ಜಿಗೆಯಾ?" ಗುತ್ಯಮ್ಮ ಬಾಯಿ ಬಿಟ್ಟಳು. "ಇವ್ರು ಮಜ್ಜಿಗೆ ಮುಟ್ಟೋದೇ ಇಲ್ಲ ಕಣ್ರಮ್ಮ, ಎದೇಲಿ ಎಲ್ಲಿಂದ ಬಂತು?"

ಡಾಕ್ಟರಿಗೆ ನಗು ತಡೆಯಲಿಲ್ಲ. "ಮಜ್ಜೆ, ಗುತ್ಯಮ್ಮ. ಮೂಳೆಯೊಳಗಿನ ತಿರುಳು. ರಕ್ತ ಹುಟ್ಟೋದೇ ಅಲ್ಲಿ. ಯಾಕೆ ಹುಟ್ತಿಲ್ಲ ಅಂತ ನೋಡ್ಬೇಕು."

ಜಟ್ಟಿಂಗಪ್ಪ ನಗಲಿಲ್ಲ. "ತಿರುಳು ತೆಗೆದ್ರೆ ಮೂಳೆ ಟೊಳ್ಳಾಗಲ್ವಾ ಅಮ್ಮ? ಆಮೇಲೆ ಮೂಟೆ ಹೊರೋದು ಹೆಂಗೆ? ನಂಗೆ ಬೇರೆ ಕೆಲ್ಸ ಬರಲ್ಲ."

"ತೆಗೆಯೋದು ಅರ್ಧ ಚಮಚ. ತಾನಾಗೇ ತುಂಬ್ಕೊಳ್ತದೆ."

"ಈಗ ಯಾವ ಮೂಟೆ ಹೊರ್ತಿದೀರಿ ನೀವು?" ಗುತ್ಯಮ್ಮ ರೇಗಿದಳು. "ಸುಮ್ನೆ ಮಲಗಿ."

ಮಲಗಿದ. ಮೊದಲು ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಆಮೇಲೆ ದಪ್ಪ ಸೂಜಿಯನ್ನು ತಿರುವುತ್ತ ಮೂಳೆಗೆ ಇಳಿಸಿದರು. ಒತ್ತಿದ್ದು ಗೊತ್ತಾಯಿತು, ನೋಯಲಿಲ್ಲ. ಸಿರಿಂಜಿನಲ್ಲಿ ಎಳೆದಾಗ ಮಾತ್ರ ಜೀವಕ್ಕೇ ಹಗ್ಗ ಕಟ್ಟಿ ಜಗ್ಗಿದಂತಾಯಿತು. ಹಲ್ಲು ಕಚ್ಚಿದ. ಬಂದದ್ದು ಕೆಂಪು ರಸ, ಅದರಲ್ಲಿ ರವೆಯಂಥ ಕಣ. ಡಾಕ್ಟರು ಅದನ್ನು ಗಾಜಿನ ಪಟ್ಟಿಗೆ ಸವರಿಟ್ಟರು.

ಮರುದಿನ ಕರೆದು ಹೇಳಿದರು. "ಮಡಿ ತುಂಬ ಭತ್ತದ ಸಸಿ ಇದ್ದ ಹಾಗಿದೆ ನಿನ್ನ ಮೂಳೆ. ಬಲಿಯೋಕೆ ಗೊಬ್ಬರ ಸಾಲ್ತಿಲ್ಲ. ಅದನ್ನ ನಾನು ಕೊಡ್ತೀನಿ."

ಆ ಗೊಬ್ಬರವೂ ಇಂಜೆಕ್ಷನ್ನೇ, ಬಿ-12 ಎಂಬ ವಿಟಮಿನ್ನು, ಮುರುಗಲ ಹಣ್ಣಿನ ರಸದಷ್ಟು ಕೆಂಪು. ವಾರದೊಳಗೆ ಅವನು ಎರಡನೇ ಸಲ ಅನ್ನ ಬಡಿಸಿಕೊಂಡ. ಎರಡು ತಿಂಗಳಿಗೆ ಬಸ್ ಸ್ಟ್ಯಾಂಡಿಗೆ ಬಂದು ನಿಂತ.

"ಬಂದ್ಯಾ ಮಾರಾಯ? ಮೊದ್ಲು ಕೋಳಿಬುಟ್ಟಿ ಹೊತ್ತು ನೋಡು" ಎಂದ ಜೊತೆಯ ಹಮಾಲಿ ಅಂಜನಪ್ಪ. ಜಟ್ಟಿಂಗಪ್ಪ ಅಕ್ಕಿ ಮೂಟೆಗೇ ಬೆನ್ನು ಕೊಟ್ಟ. ಅವನು ಏಣಿ ಹತ್ತುವಾಗ ಅಂಜನಪ್ಪ ಧೈರ್ಯ ಸಾಲದೆ ಕೆಳಗಿನಿಂದ ಮೂಟೆಗೆ ಕೈ ಆನಿಸಿದ.

"ತೆಗಿಯೋ" ಎಂದ ಜಟ್ಟಿಂಗಪ್ಪ, ಐದನೇ ಮೆಟ್ಟಿಲ ಮೇಲೆ ನಿಂತು. "ನಿನ್ನ ಕೈಯೇ ಭಾರ ಆಗ್ತದೆ."

ಉಳಿದ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ ಮೂಟೆಯನ್ನು ಟಾಪಿನ ಮೇಲೆ ಕೆಡವಿದ. ಬಸ್ಸು ಅಲುಗಿತು. ಒಳಗೆ ಕೂತವರೆಲ್ಲ ಬೆಚ್ಚಿ ತಲೆಯೆತ್ತಿದರು.