ವಾರಿಜಕ್ಕನ ಮಗಳು

ಕಾರ್ಕಳದ ಹತ್ತಿರದ ಕುಕ್ಕುಂದೂರಿನ ವಾರಿಜಕ್ಕ ಹೆಣ್ಣು ಮಗುವಿಗಾಗಿ ಹೊರದ ಹರಕೆಯಿಲ್ಲ. ಬೇರೆ ಕಡೆ ಜನ ಗಂಡು ಬೇಕೆಂದು ದೇವರ ಬೆನ್ನು ಬೀಳುತ್ತಾರಂತೆ. ಇವರ ಅಳಿಯಕಟ್ಟಿನಲ್ಲಿ ‘ಬಳಿ’, ಎಂದರೆ ಮನೆತನದ ಕುಲದ ಹೆಸರು, ಸಾಗುವುದು ತಾಯಿಯಿಂದ ಮಗಳಿಗೆ. ಮಗಳಿಲ್ಲದಿದ್ದರೆ ಕವಲು ಅಲ್ಲಿಗೇ ಮುಗಿಯಿತು. ವಾರಿಜಕ್ಕನಿಗೆ ಹುಟ್ಟಿದ್ದು ಇಬ್ಬರೂ ಗಂಡು, ಯಶ್ವಂತ್ ಮತ್ತು ಹರ್ಷಿತ್. ಮದುವೆಮನೆಗೆ ಹೋದರೆ ಸಾಕು, "ನಿಮಗೊಂದು ಹೆಣ್ಣಾಗಬೇಕಿತ್ತು ಮಾರಾಯ್ರೆ" ಎಂದು ಲೊಚಗುಟ್ಟುವವರೇ ಎಲ್ಲ.

ಹರ್ಷಿತ್ ಕಾಲೇಜು ಮುಗಿಸಿದ ವರ್ಷ, ತೆಂಗಿನಕಾಯಿ ತುರಿಯುತ್ತಿದ್ದ ತಾಯಿಯ ಎದುರು ಕುಳಿತು ಹೇಳಿದ. "ಅಮ್ಮ, ನಾನು ಹುಡುಗ ಅಲ್ಲ. ಸಣ್ಣದಿರುವಾಗಲೇ ನನಗೆ ಗೊತ್ತಿತ್ತು. ನಾನು ನಿನ್ನ ಮಗಳು."

ಅಷ್ಟು ವರ್ಷ ಬೇಡಿದ್ದು ಎದುರಿಗೇ ಬಂದು ಕುಳಿತರೆ ಯಾರಿಗೂ ಬೇಡವಾಯಿತು! ಯಶ್ವಂತ್ ತಮ್ಮನ ಬಟ್ಟೆಯ ಚೀಲವನ್ನು ಅಂಗಳಕ್ಕೆ ಎಸೆದ. ಹೆಣ್ಣಿಗಾಗಿ ಕಣ್ಣೀರಿಟ್ಟ ನೆಂಟರೆಲ್ಲ ಆಗ ಎಲ್ಲಿ ಅಡಗಿದ್ದರೋ. ವಾರಿಜಕ್ಕನೂ ಕೂತಲ್ಲಿಂದ ಏಳಲಿಲ್ಲ. ಆ ಕೊರಗು ಅವರನ್ನು ಇವತ್ತಿಗೂ ತಿನ್ನುತ್ತದೆ.

ಆ ಮಗಳೇ ಈಗ ಹರ್ಷಿಣಿ. ಮಣಿಪಾಲದ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ, ಕಲ್ಯಾಣಪುರದಲ್ಲಿ ಬಾಡಿಗೆ ಕೋಣೆ. ಶನಿವಾರ ವಾರಿಜಕ್ಕ ಯಶ್ವಂತನಿಗೆ ಕಣ್ಣಿನ ಡಾಕ್ಟರ ನೆಪ ಹೇಳಿ ಉಡುಪಿಗೆ ಬರುತ್ತಾರೆ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ತಾಯಿ ಮಗಳಿಗೆ ಸಿಗುವುದು ಅರ್ಧ ಗಂಟೆ, ಅಷ್ಟೇ ಅವರ ಸಂಸಾರ. "ಯಶ್ವಂತನ ಮದುವೆ ಒಂದು ಕಳೆಯಲಿ, ನಿನ್ನನ್ನು ಮನೆಗೆ ಕರ್ಕೊಂಡು ಹೋಗ್ತೇನೆ" ಎಂದು ತಾಯಿ ಪ್ರತಿ ಸಲ ಹೇಳುತ್ತಾರೆ. ಮಗಳು ನಗುತ್ತಾಳೆ.

ಒಂದು ಶನಿವಾರ ಮಗಳಿಗೆ ಮಲ್ಲಿಗೆ ಮುಡಿಸುತ್ತಿದ್ದಾಗ, ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಕುಶಲಾ ಎದುರಿಗೇ ಬಂದು ನಿಂತರು.

"ಎಂತ ವಾರಿಜಕ್ಕ, ನೀವಿಲ್ಲಿ? ಇವಳು ಯಾರು? ನಿಮ್ಮದೇ ಮುಖ ಉಂಟಲ್ಲ!"

ಇಂಥ ಒಂದು ಮಾತಿಗಾಗಿ ಜೀವಮಾನವಿಡೀ ಕಾದಿದ್ದರು ವಾರಿಜಕ್ಕ. ಹೌದು, ನನ್ನ ಮಗಳು ಎಂದರೆ ಮುಗಿದಿತ್ತು. ಆದರೆ ಯಶ್ವಂತನ ಸಿಟ್ಟು, ಅವನಿಗೆ ಗೊತ್ತುಮಾಡಿದ ಸಂಬಂಧ, ಊರಿನವರ ಬಾಯಿ ಎಲ್ಲ ಒಟ್ಟಿಗೇ ನೆನಪಾಗಿ, ಹೂವಿನ ಮೇಲಿದ್ದ ಕೈ ಕೆಳಗಿಳಿಯಿತು.

ಹರ್ಷಿಣಿ ಥಟ್ಟನೆ ಎದ್ದಳು. "ಹೂ ಜಾರಿತ್ತು, ಇವರು ಸರಿ ಮಾಡಿಕೊಟ್ಟರು. ಥ್ಯಾಂಕ್ಸ್ ಆಂಟಿ" ಎಂದು ಹೆತ್ತ ತಾಯಿಗೆ ಹೇಳಿ ಜನರ ನಡುವೆ ನಡೆದುಬಿಟ್ಟಳು.

ಸಂಜೆ ವಾರಿಜಕ್ಕ ಹಿತ್ತಿಲಲ್ಲಿ ನಿಂತು ಫೋನ್ ಮಾಡಿದರು. "ಹೆದರಬೇಡ ಅಮ್ಮ, ಅವರಿಗೆ ಎಂತದೂ ಗೊತ್ತಾಗಲಿಲ್ಲ" ಎಂದು ಮಗಳೇ ಸಮಾಧಾನ ಹೇಳಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಬರುವ ಶನಿವಾರ ಬರ್ತೀ ಅಲ್ವಾ?"

"ನೋಡುವ ಅಮ್ಮ."

ಆ ಶನಿವಾರ ವಾರಿಜಕ್ಕ ಮಧ್ಯಾಹ್ನದವರೆಗೂ ಕಾದರು. ಕಾರ್ಕಳದ ಬಸ್ಸುಗಳು ಒಂದರ ಹಿಂದೊಂದು ಹೊರಟವು. "ಹತ್ತುವುದಿಲ್ವಾ ಅಮ್ಮ?" ಎಂದು ಕಂಡಕ್ಟರ್ ಕೇಳಿದ.

"ಇಲ್ಲ. ನನ್ನ ಮಗಳು ಬರ್ಲಿಕ್ಕುಂಟು" ಎಂದರು ವಾರಿಜಕ್ಕ, ಸುತ್ತಲಿನವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೋಯಿತು.